ಪಂಕ್ತಿಭೇದ ಮಾಡದ ನಗು

ಹಾಸ್ಯ ಬರೆಯುವವರಿಗೆ ಓದುಗರು ಬೇಗ ಸಿಗುತ್ತಾರೆ, ಮನ್ನಣೆ ತಡವಾಗಿ ಬರುತ್ತದೆ. ಜೆರಾಲ್ಡ್ ಡರೆಲ್ ಅವರ ವಿಷಯದಲ್ಲೂ ಹೀಗೇ ಆಯಿತು. 1953ರಿಂದ 1992ರವರೆಗಿನ ನಾಲ್ಕು ದಶಕಗಳಲ್ಲಿ ಅವರು ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಬಾಲ್ಯದ ನೆನಪು, ಕಾಡಿನ ತಿರುಗಾಟ, ಕಾದಂಬರಿ, ಕಥೆ, ಮಕ್ಕಳ ಪುಸ್ತಕ ಎಲ್ಲವೂ ಅದರಲ್ಲಿವೆ. ಜಗತ್ತಿನ ಹತ್ತಾರು ಭಾಷೆಗಳಲ್ಲಿ ಜನ ಅವನ್ನು ಓದಿ ನಕ್ಕರು. ಆದರೆ ಸಾಹಿತ್ಯದ ಮಾತು ಬಂದಾಗಲೆಲ್ಲ ಮುಂದಿನ ಸಾಲಿನ ಕುರ್ಚಿ ಸಿಕ್ಕಿದ್ದು ಅಣ್ಣ ಲಾರೆನ್ಸ್ ಡರೆಲ್‌ಗೆ, ‘ಅಲೆಕ್ಸಾಂಡ್ರಿಯಾ ಕ್ವಾರ್ಟೆಟ್’ ಬರೆದ ಗಂಭೀರ ಕಾದಂಬರಿಕಾರನಿಗೆ. ತಮ್ಮನನ್ನು ಮಾತ್ರ ‘ಪ್ರಾಣಿಗಳ ಬಗ್ಗೆ ತಮಾಷೆಯಾಗಿ ಬರೆಯುವವ’ ಎಂದು ಬದಿಗಿಟ್ಟರು. ವನ್ಯಜೀವಿ ಸಂರಕ್ಷಣೆಗೆ ಅವರು ಕೊಟ್ಟ ಕೊಡುಗೆಯನ್ನು ಕೊಂಡಾಡುವವರೂ ಪುಸ್ತಕಗಳನ್ನು ಆ ಕೆಲಸಕ್ಕೆ ಹಣ ಹುಟ್ಟಿಸಿದ ಸಾಧನ ಎಂದಷ್ಟೇ ಕಾಣುತ್ತಾರೆ. ಈ ಎರಡೂ ಅಂದಾಜುಗಳು ಅವರಿಗೆ ಅನ್ಯಾಯ ಮಾಡುತ್ತವೆ. ಡರೆಲ್ ಅವರ ಹಾಸ್ಯವೇ ಅವರ ವಿಚಾರ. ಮನುಷ್ಯ ಮತ್ತು ಪ್ರಾಣಿಯ ನಡುವೆ ನಾವು ಎಳೆದುಕೊಂಡಿರುವ ಗೆರೆಯನ್ನು ಅವರು ಉಪದೇಶದಿಂದ ಅಳಿಸಲಿಲ್ಲ, ನಗುವಿನಿಂದ ಅಳಿಸಿದರು. ಜೆರ್ಸಿ ದ್ವೀಪದಲ್ಲಿ ಮುಂದೆ ಅವರು ಕಟ್ಟಿದ ಸಂಸ್ಥೆಯ ತಳಪಾಯ ಬಿದ್ದದ್ದೂ ಆ ನಗುವಿನ ಮೇಲೆಯೇ.

ಜೆಮ್‌ಶೆಡ್‌ಪುರದಿಂದ ಕಾರ್ಫುವಿಗೆ

ಡರೆಲ್ ಹುಟ್ಟಿದ್ದು ನಮ್ಮ ದೇಶದಲ್ಲಿ, 1925ರ ಜನವರಿ 7ರಂದು, ಉಕ್ಕಿನ ಊರಾದ ಜೆಮ್‌ಶೆಡ್‌ಪುರದಲ್ಲಿ. ತಂದೆ ಲಾರೆನ್ಸ್ ಸ್ಯಾಮ್ಯುಯಲ್ ಡರೆಲ್ ಎಂಜಿನಿಯರ್. ತಾಯಿ ಲೂಯಿಸಾ ಕೂಡ ಭಾರತದಲ್ಲೇ ಹುಟ್ಟಿ ಬೆಳೆದವರು. 1928ರಲ್ಲಿ ತಂದೆ ತೀರಿಕೊಂಡ ಮೇಲೆ ಆಕೆ ಮಕ್ಕಳನ್ನು ಕಟ್ಟಿಕೊಂಡು ತಾನು ಬಾಳಿ ಗೊತ್ತಿಲ್ಲದ ಇಂಗ್ಲೆಂಡಿಗೆ ಹೋಗಿ ನೆಲೆಸಬೇಕಾಯಿತು. ಆ ಥಂಡಿ, ಮಬ್ಬು, ಬೇಸರ ತಾಳಲಾರದೆ 1935ರಲ್ಲಿ ಇಡೀ ಕುಟುಂಬ ಗ್ರೀಸ್ ದೇಶದ ಕಾರ್ಫು ದ್ವೀಪಕ್ಕೆ ಗುಳೆ ಹೋಯಿತು. ಎರಡನೇ ಮಹಾಯುದ್ಧ ಹತ್ತಿರಾದ 1939ರವರೆಗೆ ಅಲ್ಲೇ ಉಳಿಯಿತು. ಹತ್ತು ವರ್ಷದ ಜೆರಾಲ್ಡ್‌ಗೆ ಅಲ್ಲಿ ಸರಿಯಾದ ಶಾಲೆ ಇರಲಿಲ್ಲ. ಆಲಿವ್ ತೋಪು, ಕಡಲ ದಂಡೆ, ಪಾಳು ಗೋಡೆ, ಅವುಗಳೊಳಗೆ ಮಿಸುಕಾಡುವ ಲೆಕ್ಕವಿಲ್ಲದ ಜೀವಗಳು ಇದ್ದವು. ವೈದ್ಯ, ಕವಿ, ಜೀವವಿಜ್ಞಾನಿ ಎಲ್ಲವೂ ಆಗಿದ್ದ ಥಿಯೋಡರ್ ಸ್ಟೆಫನಿಡೀಸ್ ಎಂಬ ಗುರು ಸಿಕ್ಕರು. ಚಿಕ್ಕ ಹುಡುಗ ಎಂದು ತಾತ್ಸಾರ ಮಾಡದೆ, ತನ್ನ ಸಮಾನ ಸಂಶೋಧಕನೆಂಬಂತೆ ಮಾತಾಡಿಸಿದ ಹಿರಿಯ ಆತ. ಡರೆಲ್ ಬರವಣಿಗೆಯಲ್ಲಿ ಕೊನೆಯವರೆಗೂ ಕಾಣುವ ಸಮಭಾವದ ಮೊದಲ ಪಾಠ ಈ ಗುರುವಿನ ನಡವಳಿಕೆಯೇ ಇರಬೇಕು.

ಯುದ್ಧ ಮುಗಿದ 1945ರಲ್ಲಿ ಅವರು ಇಂಗ್ಲೆಂಡಿನ ವಿಪ್ಸ್‌ನೇಡ್ ಮೃಗಾಲಯದಲ್ಲಿ ಕಲಿಕೆಯ ಪ್ರಾಣಿಪಾಲಕರಾಗಿ ಸೇರಿದರು. ಕಾಡಿನಲ್ಲಿ ಪೂರ್ತಿ ಅಳಿದು, ಸಾಕಿದ ಹಿಂಡುಗಳಲ್ಲಿ ಮಾತ್ರ ಉಳಿದಿದ್ದ ಪೆರೆ ಡೇವಿಡ್ ಜಿಂಕೆಯ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಕೆಲಸ ಅಲ್ಲಿ ಅವರ ಪಾಲಿಗೆ ಬಂತು. ಮೃಗಾಲಯ ಎಂದರೆ ಬರೀ ಪ್ರದರ್ಶನವಲ್ಲ, ಕಳೆದುಹೋಗಲಿರುವ ಜೀವಗಳ ಕಾಪು ಆಗಬಹುದು ಎಂಬ ಯೋಚನೆ ಇಲ್ಲಿ ಬೇರು ಬಿಟ್ಟಿತು. ಇಪ್ಪತ್ತೊಂದು ತುಂಬಿದಾಗ ಕೈಗೆ ಬಂದ ಪಿತ್ರಾರ್ಜಿತ 3,000 ಪೌಂಡುಗಳನ್ನು ಪ್ರಾಣಿ ಸಂಗ್ರಹದ ಪಯಣಗಳಿಗೆ ಸುರಿದರು: 1947ರಲ್ಲಿ ಕ್ಯಾಮರೂನ್, ಮತ್ತೊಮ್ಮೆ ಕ್ಯಾಮರೂನ್, 1950ರಲ್ಲಿ ಬ್ರಿಟಿಷ್ ಗಯಾನ. ಪ್ರಾಣಿಗಳಿಗೆ ಒಳ್ಳೆಯ ಮೇವು, ಒಳ್ಳೆಯ ಆರೈಕೆ ಎಂದು ಧಾರಾಳವಾಗಿ ಖರ್ಚು ಮಾಡುತ್ತಿದ್ದುದರಿಂದ ಲಾಭ ಉಳಿಯಲಿಲ್ಲ. 1951ರಲ್ಲಿ ಜಾಕಿಯನ್ನು ಮದುವೆಯಾದಾಗ ಕೈ ಬರಿದಾಗಿತ್ತು. ಬೋರ್ನ್‌ಮತ್ ಪಟ್ಟಣದಲ್ಲಿ ಅಕ್ಕ ಮಾರ್ಗೊ ನಡೆಸುತ್ತಿದ್ದ ವಸತಿಗೃಹದ ಸಣ್ಣ ಕೋಣೆಯಲ್ಲಿ ಸಂಸಾರ. ಬರೆಯುವಂತೆ ಬೆನ್ನುಹತ್ತಿದವರು ಹೆಂಡತಿ ಮತ್ತು ಅಣ್ಣ. ಕ್ಯಾಮರೂನಿನ ಕೂದಲುಕಪ್ಪೆಯನ್ನು ಹಿಡಿದ ಪ್ರಸಂಗವನ್ನು ಬಿಬಿಸಿ ರೇಡಿಯೊಗೆ ಬರೆದದ್ದೇ ಆರಂಭ. 1953ರಲ್ಲಿ ಬಂದ ‘ದಿ ಓವರ್‌ಲೋಡೆಡ್ ಆರ್ಕ್’ ಕೈಹಿಡಿಯಿತು. ಮೂರು ವರ್ಷಗಳಲ್ಲಿ ‘ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್’ ಬಂದು ಅವರನ್ನು ಮನೆಮಾತಾಗಿಸಿತು. ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದಾಗ ಕೆಲವೇ ವಾರಗಳಲ್ಲಿ ಬರೆದು ಮುಗಿಸಿದ ಪುಸ್ತಕ ಅದು.

ಬೆಂಕಿಪೊಟ್ಟಣದೊಳಗಿನ ತಾಯಿ ಚೇಳು

ಆ ಪುಸ್ತಕದ ಅತ್ಯಂತ ಪ್ರಸಿದ್ಧ ಪ್ರಸಂಗವೊಂದನ್ನು ಹತ್ತಿರದಿಂದ ನೋಡಿದರೆ ಅವರ ಹಾಸ್ಯ ನಡೆಯುವ ಬಗೆ ಗೊತ್ತಾಗುತ್ತದೆ. ಮನೆಯ ತೋಟದ ಸುತ್ತ ಗಾರೆ ಉದುರಿದ ಹಳೆಯ ಇಟ್ಟಿಗೆ ಗೋಡೆ. ಅದರ ಬಿರುಕುಗಳಲ್ಲಿ ಚೇಳುಗಳ ವಾಸ. ಹುಡುಗ ರಾತ್ರಿ ದೀಪ ಹಿಡಿದು ಅವನ್ನು ಗಮನಿಸುತ್ತಾನೆ. ಗಂಡು ಹೆಣ್ಣು ಇಕ್ಕಳಕ್ಕೆ ಇಕ್ಕಳ ಹಿಡಿದು, ಬಾಲ ಎತ್ತಿ ಹೆಣೆದು ನಡೆಸುವ ಕೂಟದ ನೃತ್ಯವನ್ನು ಕಾಣುತ್ತಾನೆ. ಒಂದು ದಿನ ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಚೇಳು ಸಿಗುತ್ತದೆ. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಮನೆಯೊಳಗೆ ತಂದು, ಊಟದ ಗಡಿಬಿಡಿಯಲ್ಲಿ ಮರೆತುಬಿಡುತ್ತಾನೆ. ಊಟವಾದ ಮೇಲೆ ಸಿಗರೇಟು ಹಚ್ಚಲು ಅಣ್ಣ ಲ್ಯಾರಿ (ಲಾರೆನ್ಸ್) ಆ ಪೊಟ್ಟಣವನ್ನೇ ತೆರೆಯುತ್ತಾನೆ. ಚೇಳು ಅವನ ಕೈಯೇರುತ್ತದೆ. ಆತ ಕೊಡವಿದ ರಭಸಕ್ಕೆ ಅದು ಮೇಜಿನ ಮೇಲೆ ಬಿದ್ದು ಮರಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಕ ಚೇಳಿನ ಮೇಲೆ ಎರಚಿದ ನೀರು ಅಮ್ಮನ ಮೈಮೇಲೆ ಬೀಳುತ್ತದೆ. ಮನೆಮಂದಿಯ ಮೇಲೆ ಯಾರೋ ದಾಳಿ ಮಾಡಿದ್ದಾರೆಂದುಕೊಂಡ ನಾಯಿ ಕೆಲಸದವಳನ್ನು ಕಚ್ಚುತ್ತದೆ. ಇಷ್ಟರ ನಡುವೆ ಹುಡುಗನ ಚಿಂತೆ ಒಂದೇ, ಮರಿಗಳನ್ನು ಯಾರೂ ತುಳಿಯಬಾರದು. ಸಾಸರು ಚಮಚ ಹಿಡಿದು ಒಂದೊಂದನ್ನೇ ಜೋಪಾನವಾಗಿ ಎತ್ತಿಕೊಳ್ಳುತ್ತಾನೆ.

ಮೊದಲ ಓದಿಗೆ ಇದು ಗಲಾಟೆಯ ಹಾಸ್ಯ. ಎರಡನೇ ಓದಿಗೆ ಅದರ ಕಟ್ಟೋಣ ಕಾಣುತ್ತದೆ. ಊಟದ ಕೋಣೆಯ ದೃಶ್ಯಕ್ಕೆ ಮೊದಲೇ ಡರೆಲ್ ಚೇಳಿನ ಬದುಕನ್ನು ಸಾವಧಾನವಾಗಿ ಹೇಳಿಬಿಟ್ಟಿದ್ದಾರೆ. ಅದರ ಬಣ್ಣ, ನಡಿಗೆ, ಪ್ರಣಯ, ತಾಯ್ತನ ಎಲ್ಲ ಓದುಗನಿಗೆ ಪರಿಚಯವಾಗಿದೆ. ಹಾಗಾಗಿ ಪೊಟ್ಟಣ ತೆರೆದಾಗ ಓದುಗ ಎರಡು ಸಂಸಾರಗಳ ನಡುವೆ ನಿಂತಿರುತ್ತಾನೆ. ಒಂದು ಸಂಸಾರದಲ್ಲಿ ತಾಯಿ ಮಕ್ಕಳನ್ನು ಬೆನ್ನಿಗಂಟಿಸಿಕೊಂಡು ಸುಮ್ಮನೆ ದಾರಿ ಹುಡುಕುತ್ತಿದೆ, ಇನ್ನೊಂದರಲ್ಲಿ ವಯಸ್ಕರು ಕಿರುಚಾಡುತ್ತಿದ್ದಾರೆ. ನಾವು ನಗುವುದು ಮನುಷ್ಯರನ್ನು ನೋಡಿ, ಮರುಗುವುದು ಚೇಳಿನ ಮರಿಗಳಿಗಾಗಿ. ಚೇಳು ಕಂಡರೆ ಚಪ್ಪಲಿ ಹುಡುಕುವ ಓದುಗನನ್ನು ಅದರ ಮರಿಗಳ ಕಡೆಗೆ ಒಲಿಸುವುದು ಸಣ್ಣ ಕೆಲಸವಲ್ಲ. ಜೀವದಯೆಯ ಬಗ್ಗೆ ಹತ್ತು ಪುಟ ಬರೆದರೂ ಇದು ಆಗುತ್ತಿರಲಿಲ್ಲ. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಬರೀ ಸಾರು ಬಡಿಸುವುದನ್ನು ನಮ್ಮಲ್ಲಿ ಪಂಕ್ತಿಭೇದ ಎನ್ನುತ್ತಾರೆ. ಗಮನ, ಕುತೂಹಲ, ನಗು ಈ ಮೂರನ್ನೂ ಡರೆಲ್ ಭೇದವಿಲ್ಲದೆ ಬಡಿಸುತ್ತಾರೆ. ಅಣ್ಣನ ಸಾಹಿತ್ಯದ ಬಿಂಕ, ಅಕ್ಕನ ಮೊಡವೆಯ ಕೊರಗು, ಇನ್ನೊಬ್ಬ ಅಣ್ಣ ಲೆಸ್ಲಿಯ ಬಂದೂಕಿನ ಹುಚ್ಚು ಎಷ್ಟು ವಿವರವಾಗಿ ಬರುತ್ತವೆಯೋ, ಕೋಣೆಯ ಗೋಡೆಯಲ್ಲಿ ತನ್ನ ಗಡಿ ಕಾಯುವ ಹಲ್ಲಿ ಜೆರೊನಿಮೊ ಮತ್ತು ಸೂರ್ಯನ ಕುದುರೆ ಸಿಸಿಲಿಯ ಕಾಳಗವೂ ಅಷ್ಟೇ ವಿವರವಾಗಿ ಬರುತ್ತದೆ. ಆ ಕಾಳಗದಲ್ಲಿ ಹಲ್ಲಿ ಬಾಲ ಕಳೆದುಕೊಳ್ಳುತ್ತದೆ, ಸಿಸಿಲಿ ಪ್ರಾಣ ಕಳೆದುಕೊಳ್ಳುತ್ತದೆ. ನಗು ತರಿಸುತ್ತಲೇ ನಿಸರ್ಗದ ಕಠೋರತೆಯನ್ನು ಮುಚ್ಚಿಡದ ಬರವಣಿಗೆ ಇದು.

ಸುಳ್ಳು ಬರೆದರೇ?

ಡರೆಲ್ ವಿರುದ್ಧದ ಮೊದಲ ಆಕ್ಷೇಪ ನಿಜ ಸುಳ್ಳಿನದು. ಪುಸ್ತಕದಲ್ಲಿ ಲ್ಯಾರಿ ಮದುವೆಯಾಗದ ಅಣ್ಣ, ಎಲ್ಲರೊಂದಿಗೆ ಒಂದೇ ಮನೆಯಲ್ಲಿ ಇರುವವನು. ವಾಸ್ತವದಲ್ಲಿ ಲಾರೆನ್ಸ್ 1935ರ ಜನವರಿಯಲ್ಲೇ ನ್ಯಾನ್ಸಿಯನ್ನು ಮದುವೆಯಾಗಿದ್ದರು. ಕಾರ್ಫುವಿನ ದಿನಗಳಲ್ಲಿ ಬಹುಪಾಲು ದಂಪತಿ ಬೇರೆ ಇದ್ದು, ಕಲಾಮಿ ಎಂಬ ಕಡಲ ಹಳ್ಳಿಯಲ್ಲಿ ನೆಲೆಸಿದ್ದರು. ನ್ಯಾನ್ಸಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಬದುಕಿದ್ದ ಹೆಣ್ಣುಮಗಳೊಬ್ಬಳನ್ನು ಕುಟುಂಬದ ನೆನಪಿನಿಂದಲೇ ಅಳಿಸಿದ್ದು ಸಣ್ಣ ಲೋಪವೆಂದು ತಳ್ಳಿಹಾಕುವಂತಿಲ್ಲ. ಅದೇ ದ್ವೀಪದ ಬಗ್ಗೆ ಲಾರೆನ್ಸ್ 1945ರಲ್ಲಿ ಬರೆದ ‘ಪ್ರಾಸ್ಪೆರೋಸ್ ಸೆಲ್’ ಪಕ್ಕದಲ್ಲಿಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿ ಹೆಂಡತಿ ಇದ್ದಾಳೆ, ಅಮ್ಮ ಮತ್ತು ಒಡಹುಟ್ಟಿದವರ ಗದ್ದಲಕ್ಕೆ ಜಾಗ ಇಲ್ಲದಂತಾಗಿದೆ. ಅಣ್ಣ ತಮ್ಮ ಇಬ್ಬರೂ ತಮಗೆ ಬೇಕಾದ ಕಾರ್ಫುವನ್ನು ಕಟ್ಟಿಕೊಂಡರು. ಗಂಭೀರ ಸಾಹಿತಿ ಬಿಟ್ಟದ್ದನ್ನು ಕಲೆಯ ಆಯ್ಕೆ ಎನ್ನುವವರು ಹಾಸ್ಯಗಾರ ಬಿಟ್ಟದ್ದನ್ನು ಸುಳ್ಳು ಎಂದರೆ, ಅಳತೆಗೋಲಿನಲ್ಲೇ ದೋಷವಿದೆ.

ಆದರೂ ಪೂರ್ತಿ ಉತ್ತರ ಅದಲ್ಲ. ಡರೆಲ್ ಓದುಗರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಎರಡು ಭಾಗಗಳಿವೆ. ಮನುಷ್ಯರ ವಿಷಯದಲ್ಲಿ ಅವರು ಕಾದಂಬರಿಕಾರ. ಕಾಲವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಒಬ್ಬೊಬ್ಬರ ಒಂದೊಂದು ಗುಣವನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಜೀವಜಂತುಗಳ ವಿಷಯದಲ್ಲಿ ಅವರು ಸಾಕ್ಷಿ. ಬಾಗಿಲಿಟ್ಟು ಬಿಲ ಕಟ್ಟುವ ಜೇಡ, ಮರಿ ಹೊತ್ತ ಚೇಳು, ಗಡಿಗಾಗಿ ಕಾದಾಡುವ ಹಲ್ಲಿ ಇವುಗಳ ನಡವಳಿಕೆಯನ್ನು ಹಾಸ್ಯಕ್ಕಾಗಿ ತಿರುಚುವುದಿಲ್ಲ. ಕುಟುಂಬದವರನ್ನು ಪುಸ್ತಕದೊಳಗೆ ಬಿಟ್ಟುಕೊಂಡದ್ದರಿಂದ ಪ್ರಾಣಿಗಳಿಗೆ ಜಾಗ ಸಾಲದಾಯಿತೆಂದು ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಮನೆಯವರಿಗೂ ತಮ್ಮ ಮಾತು ಹೇಳಲು ಅವಕಾಶ ಸಿಕ್ಕಿತು. ಜಾಕಿ 1967ರಲ್ಲಿ ಬರೆದ ‘ಬೀಸ್ಟ್ಸ್ ಇನ್ ಮೈ ಬೆಡ್’ ಪುಸ್ತಕಕ್ಕೆ ಗಂಡನ ಅಡಿಟಿಪ್ಪಣಿಗಳಿವೆ. ಮಾರ್ಗೊ ಬರೆದ ನೆನಪುಗಳು 1995ರಲ್ಲಿ ಅಚ್ಚಾದವು. ಒಂದೇ ಮನೆಯ ಕಥೆಯನ್ನು ಹಲವರು ಹಲವು ಬಗೆಯಲ್ಲಿ ಹೇಳಿರುವಾಗ, ಜೆರಾಲ್ಡ್ ಹೇಳಿದ್ದನ್ನು ಒಬ್ಬ ಹುಡುಗನ ಕಣ್ಣಿನ ಕಥೆಯಾಗಿ ಓದುವುದೇ ಸರಿ. ನ್ಯಾನ್ಸಿಯ ಲೋಪ ಲೋಪವೇ. ಅದರಿಂದ ಚೇಳಿನ ಸತ್ಯಕ್ಕೆ ಕುಂದು ಬರುವುದಿಲ್ಲ.

ಎರಡನೇ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ. ಪ್ರಾಣಿಗಳಿಗೆ ಹೆಸರಿಟ್ಟು, ಮನುಷ್ಯರ ಗುಣ ಆರೋಪಿಸಿ ಅವನ್ನು ಬೊಂಬೆಗಳಾಗಿಸಿದರು ಎನ್ನುವುದು. ಈ ಅಪಾಯ ನಿಜವಾದದ್ದೇ. ಪ್ರಾಣಿಕಥೆಯ ಹೆಸರಿನಲ್ಲಿ ಎಷ್ಟೋ ಬರಹಗಾರರು ಮನುಷ್ಯರಿಗೆ ಬಾಲ ಅಂಟಿಸಿ ನಿಲ್ಲಿಸಿದ್ದಾರೆ. ಡರೆಲ್ ಹೆಸರಿಟ್ಟ ಆಮೆ ಅಕಿಲೀಸ್, ಗೂಬೆ ಯುಲಿಸಿಸ್, ಪಾರಿವಾಳ ಕ್ವಾಸಿಮೊಡೊ ಮಾತ್ರ ತಮ್ಮ ಜಾತಿಯ ನಡತೆ ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ. ಇಲ್ಲಿ ಹೋಲಿಕೆ ಎರಡೂ ದಿಕ್ಕಿಗೆ ಹರಿಯುತ್ತದೆ ಎನ್ನುವುದು ಮುಖ್ಯ. ಹಲ್ಲಿ ಗಡಿ ಕಾಯುವುದನ್ನು ಮನುಷ್ಯನ ಮಾತಲ್ಲಿ ಹೇಳುವ ಡರೆಲ್, ಅಣ್ಣಂದಿರು ಕೋಣೆಗಾಗಿ ಜಗಳಾಡುವುದನ್ನು ಹಲ್ಲಿಯ ನಡತೆಯಂತೆ ನೋಡುತ್ತಾರೆ. ಪ್ರಾಣಿಯನ್ನು ಮನುಷ್ಯನ ಎತ್ತರಕ್ಕೆ ಏರಿಸಿ ಗೌರವಿಸುವುದು ಇತರರ ದಾರಿಯಾದರೆ, ಮನುಷ್ಯನೂ ಒಂದು ಪ್ರಾಣಿಯೇ ಎಂದು ತೋರಿಸಿ ಸಮ ಮಾಡುವುದು ಡರೆಲ್ ದಾರಿ. ಈ ಎರಡನೆಯದು ವಿಜ್ಞಾನಕ್ಕೆ ಹೆಚ್ಚು ಹತ್ತಿರ.

ಬಾಫುಟ್‌ನ ದೊರೆ ಮತ್ತು ವಸಾಹತಿನ ನೆರಳು

ಮೂರನೇ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಮೊದಲ ಪುಸ್ತಕಗಳ ಆಫ್ರಿಕಾ ಬ್ರಿಟಿಷರ ಆಳ್ವಿಕೆಯ ಆಫ್ರಿಕಾ. 1954ರ ‘ದಿ ಬಾಫುಟ್ ಬೀಗಲ್ಸ್’ನಲ್ಲಿ ಬೇಟೆಗಾರರ, ಆಳುಗಳ ಮಾತನ್ನು ಪಿಜಿನ್ ಇಂಗ್ಲಿಷಿನಲ್ಲಿ ಕೊಟ್ಟು ಓದುಗರನ್ನು ನಗಿಸಲಾಗಿದೆ. ಕ್ಯಾಮರೂನಿನ ಬಾಫುಟ್‌ನ ದೊರೆಯಾದ ಫಾನ್ ಕುಡಿತ, ಕುಣಿತಗಳ ರಸಿಕನಾಗಿಯೇ ಹೆಚ್ಚು ಕಾಣುತ್ತಾನೆ. ಬಿಳಿಯ ಯಜಮಾನನಿಗೆ ಹೊರೆಯಾಳುಗಳ ಸಾಲು ಸೇವೆ ಮಾಡುವುದನ್ನು ಪುಸ್ತಕ ಪ್ರಶ್ನಿಸುವುದಿಲ್ಲ. ವಸಾಹತಿನ ಅನುಭವ ಇರುವ ನಮ್ಮಂಥ ದೇಶದ ಓದುಗರಿಗೆ ಈ ಪುಟಗಳು ಇಂದು ಇರಿಸುಮುರಿಸು ತರುತ್ತವೆ, ತರಬೇಕು ಕೂಡ. ಮನುಷ್ಯ ಪ್ರಾಣಿ ಎಂಬ ಭೇದ ಮೀರಿದ ಬರಹಗಾರ ಮನುಷ್ಯ ಮನುಷ್ಯರ ನಡುವಿನ ಭೇದವನ್ನು ಅಷ್ಟೇ ಚುರುಕಾಗಿ ಕಾಣಲಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಡರೆಲ್ ಪರವಾಗಿ ಹೇಳಬಹುದಾದದ್ದು ಇಷ್ಟು. ಆ ಪುಸ್ತಕಗಳಲ್ಲಿ ಅತಿ ಹೆಚ್ಚು ಪೇಚಿಗೆ ಸಿಕ್ಕುವವನು ಲೇಖಕನೇ. ಫಾನ್ ಪಾತ್ರಕ್ಕೆ ಜಾಣತನ, ಆತಿಥ್ಯ, ಅಧಿಕಾರದ ಗತ್ತು ಎಲ್ಲವೂ ಇದೆ. 1957ರಲ್ಲಿ ಡರೆಲ್ ಮತ್ತೆ ಹೋದಾಗ ಅದೇ ದೊರೆ ಗೆಳೆಯನೆಂದು ಬರಮಾಡಿಕೊಂಡ. ಇದರಿಂದ ದೋಷ ಮಾಸುವುದಿಲ್ಲ. ಆದರೆ ಆ ನಗುವಿನಲ್ಲಿ ದ್ವೇಷವಾಗಲಿ ತಿರಸ್ಕಾರವಾಗಲಿ ಇರಲಿಲ್ಲ ಎಂಬುದು ತಿಳಿಯುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆಯೂ ಇದೆ. ಕಾಡಿನ ಪ್ರಾಣಿಗಳನ್ನು ಪಂಜರಕ್ಕೆ ಹಾಕಿ ಮೃಗಾಲಯಗಳಿಗೆ ಮಾರಿದವನ ಬಾಯಲ್ಲಿ ಸಂರಕ್ಷಣೆಯ ಮಾತು ಒಪ್ಪುತ್ತದೆಯೇ ಎನ್ನುವುದು. ಆ ಕಾಲದ ಮೃಗಾಲಯಗಳಿಗೆ ಪ್ರಾಣಿ ಎಂದರೆ ಸತ್ತರೆ ಮತ್ತೊಂದು ತರಿಸಬಹುದಾದ ಸರಕಾಗಿತ್ತು. ಆ ವ್ಯಾಪಾರದ ಒಳಹೊರಗನ್ನು ಕಂಡಿದ್ದರಿಂದಲೇ ಡರೆಲ್‌ಗೆ ಅದರ ವಿರುದ್ಧ ದಾರಿ ಹುಡುಕುವುದು ಸಾಧ್ಯವಾಯಿತು. 1959ರ ಮಾರ್ಚ್‌ನಲ್ಲಿ ಜೆರ್ಸಿ ದ್ವೀಪದ ಲೆಸ್ ಓಗ್ರೆ ಮ್ಯಾನರ್ ಎಂಬ ಹಳೆಯ ಬಂಗಲೆಯ ಆವರಣದಲ್ಲಿ ತಮ್ಮದೇ ಮೃಗಾಲಯ ತೆರೆದರು. ಸಾಲಕ್ಕೆ ಜಾಮೀನು ನಿಂತವರು ಪ್ರಕಾಶಕ ರೂಪರ್ಟ್ ಹಾರ್ಟ್-ಡೇವಿಸ್. ಸಾಲ ತೀರಿಸಿದ್ದು ಪುಸ್ತಕಗಳ ದುಡಿಮೆ. 1963ರಲ್ಲಿ ಅದನ್ನು ಟ್ರಸ್ಟಿಗೆ ಒಪ್ಪಿಸಿ, ಮನುಷ್ಯ ನಿರ್ನಾಮ ಮಾಡಿದ ಡೋಡೊ ಹಕ್ಕಿಯನ್ನೇ ಲಾಂಛನ ಮಾಡಿದರು. ಅಳಿವಿನಂಚಿನ ಜೀವಗಳನ್ನು ಸಾಕಿ, ಮರಿ ಮಾಡಿಸಿ, ಅವುಗಳ ನೆಲೆಗೇ ಮರಳಿಸುವುದು ಗುರಿ. ಆಗ ಅನೇಕ ತಜ್ಞರಿಗೆ ಇದು ಆಗದ ಹೋಗದ ಮಾತೆನಿಸಿತ್ತು. 1972ರಲ್ಲಿ ಇದೇ ವಿಷಯದ ಮೊದಲ ಜಾಗತಿಕ ಸಮ್ಮೇಳನ ಜೆರ್ಸಿಯಲ್ಲೇ ಸೇರಿತು.

ಕಾದಂಬರಿಗಳ ಬಲ, ಮಿತಿ

ಕಾದಂಬರಿಕಾರರಾಗಿ ಡರೆಲ್ ನೆನಪಿನ ಕಥನಗಳ ಎತ್ತರ ಮುಟ್ಟಲಿಲ್ಲ ಎನ್ನುವ ವಿಮರ್ಶೆಯನ್ನು ಬಹುಮಟ್ಟಿಗೆ ಒಪ್ಪಬಹುದು. 1968ರ ‘ರೋಸಿ ಈಸ್ ಮೈ ರಿಲೇಟಿವ್’ ಕಾದಂಬರಿಯಲ್ಲಿ ಬಡ ಗುಮಾಸ್ತನೊಬ್ಬನಿಗೆ ಮಾವನ ಆಸ್ತಿಯಾಗಿ ಹೆಂಡದ ರುಚಿ ಹತ್ತಿದ ಆನೆಯೊಂದು ಬರುತ್ತದೆ. ಅದನ್ನು ನಡೆಸಿಕೊಂಡು ಹೋಗುವ ದಾರಿಯುದ್ದಕ್ಕೂ ರಂಪ. ಓದುವಾಗ ಖುಷಿ ಕೊಡುತ್ತದೆ, ಆಮೇಲೆ ಹೆಚ್ಚು ಉಳಿಯುವುದಿಲ್ಲ. ಕಾರಣ ಹುಡುಕಿದರೆ ಈ ಲೇಖನದ ವಾದವೇ ಬಲಗೊಳ್ಳುತ್ತದೆ. ಡರೆಲ್ ಹಾಸ್ಯಕ್ಕೆ ಕಣ್ಣಾರೆ ಕಂಡ ಜೀವದ ಪ್ರತಿರೋಧ ಬೇಕು. ಚೇಳು ಚೇಳಿನಂತೆಯೇ ನಡೆಯಬೇಕು, ಆಗ ಮಾತ್ರ ಮನುಷ್ಯರ ಗಲಿಬಿಲಿ ಅರ್ಥ ಪಡೆಯುತ್ತದೆ. ಎಲ್ಲವೂ ಲೇಖಕನ ಇಷ್ಟದಂತೆ ನಡೆದಾಗ ಹಾಸ್ಯ ಬರೀ ಪ್ರಹಸನವಾಗುತ್ತದೆ.

1981ರ ‘ದಿ ಮಾಕರಿ ಬರ್ಡ್’ ಈ ಮಿತಿಯನ್ನು ದಾಟುತ್ತದೆ. ಜೆಂಕಾಲಿ ಎಂಬ ಕಲ್ಪಿತ ದ್ವೀಪದ ಆರ್ಥಿಕತೆ ನಿಂತಿರುವುದು ಒಂದು ಮರದ ಮೇಲೆ, ಮರ ನಿಂತಿರುವುದು ಒಂದು ಪತಂಗದ ಮೇಲೆ. ಆ ಸರಪಳಿಯ ಕೊನೆಯಲ್ಲಿರುವುದು ಎಂದೋ ಅಳಿದುಹೋಯಿತೆಂದು ಎಲ್ಲರೂ ನಂಬಿದ ಹಕ್ಕಿ. ಸೇನೆಗೆ ವಿಮಾನ ನಿಲ್ದಾಣ ಕಟ್ಟುವ ಯೋಜನೆಯ ಅಣೆಕಟ್ಟಿನಿಂದ ಮುಳುಗಲಿರುವ ಕಣಿವೆಯಲ್ಲೇ ಆ ಹಕ್ಕಿ ಪತ್ತೆಯಾಗುತ್ತದೆ. ಈ ಕಥೆಯನ್ನು ಹೋಲುವಂತೆ, ಮಾರಿಷಸ್‌ನ ಟಂಬಲಕಾಕ್ ಮರದ ಬೀಜ ಮೊಳೆಯಲು ಡೋಡೊ ಬೇಕಿತ್ತು ಎಂಬ ವಾದವೊಂದು 1977ರಲ್ಲಿ ಪ್ರಕಟವಾಗಿತ್ತು. ಮುಂದೆ ವಿಜ್ಞಾನಿಗಳು ಆ ವಾದವನ್ನು ಪ್ರಶ್ನಿಸಿದರು. ಕಾದಂಬರಿ ಹೇಳುವ ಪಾಠಕ್ಕೆ ಅದರಿಂದ ಧಕ್ಕೆ ಇಲ್ಲ: ಯಾವ ಜೀವ ಯಾವುದಕ್ಕೆ ಆಸರೆ ಎಂದು ತಿಳಿಯುವ ಮೊದಲೇ ಕಣಿವೆ ಮುಳುಗಿಸುವುದು ಅವಿವೇಕ. ಆ ಅವಿವೇಕವನ್ನು ಕಡತ ಹಿಡಿದ ಅಧಿಕಾರಿಗಳ, ಲಾಭಕೋರರ ವೇಷದಲ್ಲಿ ತೋರಿಸಿ ಡರೆಲ್ ನಗಿಸುತ್ತಾರೆ. ಅಣೆಕಟ್ಟುಗಳ ನೆಲದವರಾದ ನಮಗೆ ಆ ನಗು ದೂರದ್ದಲ್ಲ.

ನಗುವಿನ ಫಲ

ಪುಸ್ತಕ ಓದಿ ನಕ್ಕವರು ಟ್ರಸ್ಟಿನ ಸದಸ್ಯರಾದರು, ಹಣ ಕಳಿಸಿದರು. 1976ರಲ್ಲಿ ಡರೆಲ್ ಮಾರಿಷಸ್‌ಗೆ ಹೋದರು. ಆ ಅನುಭವದ ಪುಸ್ತಕ ‘ಗೋಲ್ಡನ್ ಬ್ಯಾಟ್ಸ್ ಅಂಡ್ ಪಿಂಕ್ ಪಿಜನ್ಸ್’. ರಾಡ್ರಿಗಸ್ ದ್ವೀಪದ ಹಣ್ಣುಬಾವಲಿಗಳನ್ನು ಸೆಳೆಯಲು ಹಲಸಿನ ಹಣ್ಣು ಹೊತ್ತೊಯ್ದು, ಅದರ ವಾಸನೆಗೆ ಸುತ್ತಲಿನವರೆಲ್ಲ ಕಂಗಾಲಾಗುವ ಪ್ರಸಂಗ ಅದರಲ್ಲಿದೆ. ನಗುತ್ತಾ ಓದಿದವರಿಗೆ, ಆ ಜಾತಿಯ ಬಾವಲಿಗಳು ಭೂಮಿಯ ಮೇಲೆ ಆಗ ಉಳಿದಿದ್ದದ್ದು ನೂರರ ಆಸುಪಾಸಿನಲ್ಲಿ ಎಂಬ ಸತ್ಯ ನಗುವಿನ ಜೊತೆಗೇ ಮನಸ್ಸಿಗಿಳಿಯುತ್ತದೆ. ಇಂದು ಅವು ಸಾವಿರಗಳ ಲೆಕ್ಕದಲ್ಲಿವೆ. ಮಾರಿಷಸ್‌ನ ಗುಲಾಬಿ ಪಾರಿವಾಳಗಳು 1990ರ ಹೊತ್ತಿಗೆ ಕಾಡಿನಲ್ಲಿ ಹತ್ತರಷ್ಟಕ್ಕೆ ಇಳಿದಿದ್ದವು. ಜೀವವಿಜ್ಞಾನಿ ಕಾರ್ಲ್ ಜೋನ್ಸ್ ಮತ್ತು ಸಂಗಡಿಗರು ದಶಕಗಳ ಕಾಲ ನಡೆಸಿದ ಆರೈಕೆಯಿಂದ ಅವು ನೂರಾರಾದವು. ಆ ಕೆಲಸಕ್ಕೆ ಜೆರ್ಸಿ ಬೆನ್ನೆಲುಬಾಗಿತ್ತು. ಬಡ ದೇಶಗಳವರು ತಮ್ಮ ಜೀವಿಗಳನ್ನು ತಾವೇ ಕಾಯುವಂತಾಗಬೇಕು ಎಂದು ಡರೆಲ್ ತರಬೇತಿಯನ್ನೂ ಶುರು ಮಾಡಿದರು. 1977ರಲ್ಲಿ ಬಂದ ಮೊದಲ ವಿದ್ಯಾರ್ಥಿ ಮಾರಿಷಸ್‌ನ ಯೂಸುಫ್ ಮುಂಗ್ರೂ. ಬಾಫುಟ್ ಪುಸ್ತಕದ ದೋಷಕ್ಕೆ ಡರೆಲ್ ಬದುಕು ಕೊಟ್ಟ ಉತ್ತರ ಇದರಲ್ಲಿದೆ.

ಹುಟ್ಟಿದ ನೆಲಕ್ಕೂ ಆ ಕೆಲಸ ತಲುಪಿತು. ಜಗತ್ತಿನ ಅತಿ ಚಿಕ್ಕ ಕಾಡುಹಂದಿಯಾದ ಅಸ್ಸಾಮಿನ ಕುಬ್ಜ ಹಂದಿ ಅಳಿದೇಹೋಯಿತೆಂದು ಭಾವಿಸಿದ್ದಾಗ 1971ರಲ್ಲಿ ಮತ್ತೆ ಕಂಡಿತು. ಡರೆಲ್ 1995ರ ಜನವರಿ 30ರಂದು ಜೆರ್ಸಿಯಲ್ಲಿ ತೀರಿಕೊಂಡರು. ಮರುವರ್ಷ ಮಾನಸ್ ಕಾಡಿನಿಂದ ಹಿಡಿದ ಆರು ಹಂದಿಗಳೊಡನೆ ಗುವಾಹಟಿಯ ಬಸಿಷ್ಠದಲ್ಲಿ, ಅಸ್ಸಾಂ ಅರಣ್ಯ ಇಲಾಖೆ ಮತ್ತು ಅವರ ಟ್ರಸ್ಟ್ ಸೇರಿ ಸಂತಾನವೃದ್ಧಿ ಆರಂಭಿಸಿದವು. ಅಲ್ಲಿ ಹುಟ್ಟಿದ ನೂರಕ್ಕೂ ಹೆಚ್ಚು ಹಂದಿಗಳು ಸೋನಾಯ್ ರೂಪಾಯ್, ಒರಾಂಗ್, ಬರ್ನಾಡಿ, ಮಾನಸ್ ಹುಲ್ಲುಗಾವಲುಗಳಿಗೆ ಮರಳಿವೆ.

ಪರಿಸರದ ಬರವಣಿಗೆಗೆ ನಗು ಹಗುರವಾಯಿತು ಎನ್ನುವವರು ಇಂದೂ ಇದ್ದಾರೆ. ವಿನಾಶ ಬಾಗಿಲಿಗೆ ಬಂದಿರುವಾಗ ಎಚ್ಚರಿಕೆ, ಆಕ್ರೋಶ ಬೇಕು ಎನ್ನುವುದು ಅವರ ವಾದ. ಎಚ್ಚರಿಕೆ ಬೇಕು, ನಿಜ. ಆದರೆ ಭಯ ಹುಟ್ಟಿಸಿದ್ದನ್ನು ಜನ ಬೇಗ ಮರೆಯಲು ಬಯಸುತ್ತಾರೆ, ನಗಿಸಿದ್ದರ ಜೊತೆ ಸಂಬಂಧ ಬೆಳೆಸುತ್ತಾರೆ. ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಮಂದಣ್ಣ, ಪ್ಯಾರ, ನಾಯಿ ಕಿವಿ, ಹಾರುವ ಓತಿ ಯಾರೂ ಮೇಲುಕೀಳಿಲ್ಲದೆ ಒಂದೇ ಕಥೆಯೊಳಗೆ ಬಂದಾಗ, ಪಶ್ಚಿಮಘಟ್ಟದ ಕಾಡು ನಮ್ಮೊಳಗೆ ಇಳಿದ ಬಗೆಯೂ ಇದೇ. ಅಂಕಿಅಂಶ ನಮ್ಮನ್ನು ಒಪ್ಪಿಸಬಲ್ಲದು. ಚೇಳಿನ ಮರಿಯನ್ನು ಚಮಚದಲ್ಲಿ ಎತ್ತಿಕೊಳ್ಳುವ ಮನಸ್ಸನ್ನು ಅದು ಹುಟ್ಟಿಸಲಾರದು. ನಿಖರವಾಗಿ ನೋಡುವ ಕಣ್ಣು ಮತ್ತು ಭೇದವೆಣಿಸದ ನಗು ಕೂಡಿದಾಗಲೇ ಆ ಮನಸ್ಸು ಹುಟ್ಟುವುದು ಎಂದು ಡರೆಲ್ ಕೃತಿಗಳು ತೋರಿಸಿವೆ. ಆದ್ದರಿಂದ ಅವರನ್ನು ರಂಜಕ ಲೇಖಕ ಎಂದು ಬದಿಗಿಡುವ ಬದಲು, ಇಪ್ಪತ್ತನೇ ಶತಮಾನದ ಪರಿಸರ ಚಿಂತನೆಯನ್ನು ಜನಸಾಮಾನ್ಯರ ಮನೆಗೆ ತಂದ ಗಂಭೀರ ಲೇಖಕರ ಸಾಲಿನಲ್ಲಿ ಸೇರಿಸಿ ಓದಬೇಕು, ಓದಿಸಬೇಕು.